ನದಿಗೂ ಕಡಲಿಗೂ ನಡುವೆ ನ್ದಾರ್ ನಗರ

ಸವಣೂರಿಗೆ ಹೋಗಿಬಂದ ನಮ್ಮ ವಾಚಕರಲ್ಲಿ ಅನೇಕರು ಅಲ್ಲಿನ ದೊಡ್ಡಹುಣಸೆ ಮಠದ ಆವರಣದ ಭಾರಿ ಮರಗಳನ್ನು ಕಂಡಿರಬಹುದು. ಏಳೆಂಟು ಜನ ಕೈಕೈ ಹಿಡಿದು ನಿಂತರೂ ಅವುಗಳ ಬುಡವನ್ನು ತಬ್ಬುವುದು ಕಷ್ಟ. ಹೆಸರಿಗೆ ಹುಣಸೆಯೆಂದರೂ ಅವು ಹುಣಸೆಯ ಮರಗಳಲ್ಲ; ಆಫ್ರಿಕಾ ಖಂಡದಿಂದ ಬಂದ ಬಾವೊಬಾಬ್ ಮರಗಳು. 2023ರ ಮಳೆಗಾಲದಲ್ಲಿ ಅವುಗಳಲ್ಲೊಂದು ಬುಡಮೇಲಾಗಿ ಉರುಳಿದಾಗ ಊರಿಗೆ ಊರೇ ಮರುಗಿತು. ಅದನ್ನು ಮತ್ತೆ ಎತ್ತಿ ನಿಲ್ಲಿಸಿ ನೆಡುವ ಪ್ರಯತ್ನವೂ ನಡೆಯಿತು. ಎಲ್ಲಿಂದಲೋ ಬಂದ ಮರವನ್ನು ನಮ್ಮವರು ಮನೆಯ ಹಿರಿಯರಂತೆ ಕಾಪಾಡಿಕೊಂಡು ಬಂದಿದ್ದಾರೆ. ಆ ಮರದ ತವರುನಾಡನ್ನು ಕಣ್ಣಾರೆ ಕಾಣುವ ಯೋಗ ನಮಗೆ ಒದಗೀತೆಂದು ನಾವು ಎಣಿಸಿರಲಿಲ್ಲ.

ನಮ್ಮ ಹಿರಿಯ ಮಗನಿಗೆ ಪಶ್ಚಿಮ ಆಫ್ರಿಕಾದ ಸೆನೆಗಾಲ್ ದೇಶದ ರಾಜಧಾನಿ ಡಾಕಾರ್‌ನಲ್ಲಿ ಕೆಲಸವಾಯಿತು. ಮಗ-ಸೊಸೆಯರ ಒತ್ತಾಯಕ್ಕೆ ಮಣಿದು ನಾವು ದಂಪತಿಗಳು ಒಂದು ಜನವರಿಯಲ್ಲಿ ಅಲ್ಲಿಗೆ ಹೋದೆವು. ಹೊರಡುವ ಮುನ್ನ ಬಂಧುಗಳಲ್ಲಿ ಹಲವರು ಆತಂಕಪಟ್ಟರು. "ಆಫ್ರಿಕಾಕ್ಕೆ ಏನು ನೋಡಲಿಕ್ಕೆ ಹೋಗುತ್ತೀರಿ? ಕತ್ತಲಾದ ಮೇಲೆ ಹೊರಗೆ ಕಾಲಿಡಬೇಡಿರಿ" ಎಂದು ಎಚ್ಚರಿಸಿದವರೇ ಹೆಚ್ಚು. ಆದರೆ ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವುದು ಮುಖ್ಯವಾಗಿ ಕತ್ತಲಾದ ಮೇಲೆ ಕಂಡದ್ದನ್ನೇ.

ಡಾಕಾರ್‌ನಲ್ಲಿ ಒಂದು ವಾರ ಕಳೆದ ಮೇಲೆ ಮಗನು, "ಅಪ್ಪಾ, ಈ ದೇಶವನ್ನು ತಿಳಿಯಬೇಕಾದರೆ ಸೇಂಟ್ ಲೂಯಿಯನ್ನು ನೋಡಲೇಬೇಕು" ಎಂದನು. ಸೇಂಟ್ ಲೂಯಿಯು ಡಾಕಾರ್‌ನಿಂದ ಉತ್ತರಕ್ಕೆ ಸುಮಾರು 265 ಕಿಲೋಮೀಟರ್ ದೂರದಲ್ಲಿ, ಮಾರಿಟೇನಿಯಾ ದೇಶದ ಗಡಿಯ ಹತ್ತಿರವಿದೆ. ದಾರಿಯುದ್ದಕ್ಕೂ ಎಲೆಯುದುರಿದ ಬಾವೊಬಾಬ್ ಮರಗಳು ಆಕಾಶಕ್ಕೆ ಬೇರು ಚಾಚಿದಂತೆ ನಿಂತಿದ್ದವು. ಆ ದೇಶದ ರಾಜಲಾಂಛನದಲ್ಲಿ ಸಿಂಹದ ಜೊತೆಗೆ ಈ ಮರಕ್ಕೂ ಸ್ಥಾನವುಂಟು. ನಮ್ಮ ಶ್ರೀಮತಿಯವರು ಕಾರಿನ ಕಿಟಕಿಯಿಂದ ಎಣಿಸತೊಡಗಿ, ನೂರು ದಾಟಿದ ಮೇಲೆ ಬಿಟ್ಟುಬಿಟ್ಟರು.

ನೀರಿನ ನಡುವಿನ ಊರು

ಸೆನೆಗಾಲ್ ಎಂಬ ಹೆಸರಿನ ಮಹಾನದಿಯು ಅಟ್ಲಾಂಟಿಕ್ ಸಾಗರವನ್ನು ಸೇರುವ ಮುನ್ನ ದಡಕ್ಕೆ ಸಮಾನಾಂತರವಾಗಿ ದಕ್ಷಿಣಕ್ಕೆ ಹರಿಯುತ್ತದೆ. ನದಿಗೂ ಸಾಗರಕ್ಕೂ ನಡುವೆ ಉದ್ದವಾದ, ಕಿರಿದಾದ ಒಂದು ಮರಳಿನ ಪಟ್ಟಿ ಮಾತ್ರ ಅಡ್ಡವಾಗಿದೆ. ನದಿಯೊಳಗೆ ಒಂದು ಸಣ್ಣ ದ್ವೀಪ. ಉದ್ದ ಎರಡು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ಅಗಲ ಅರ್ಧ ಕಿಲೋಮೀಟರಿಗಿಂತಲೂ ಕಡಿಮೆ. ಹೀಗೆ ಊರು ಮೂರು ಭಾಗವಾಗಿದೆ: ಒಳನಾಡಿನ ಕಡೆಗೆ ಸೋರ್, ನಡುವೆ ದ್ವೀಪ, ಕಡಲ ಕಡೆಗೆ ಬೆಸ್ತರು ವಾಸಿಸುವ ಗೆತ್ ನ್ದಾರ್. 1659ರಲ್ಲಿ ಫ್ರೆಂಚರು ಈ ದ್ವೀಪದಲ್ಲಿ ಕೋಟೆ ಕಟ್ಟಿ ತಮ್ಮ ರಾಜರ ಹೆಸರನ್ನಿಟ್ಟರು. ಸ್ಥಳೀಯರು ಮಾತ್ರ ತಮ್ಮ ವೊಲೊಫ್ ಭಾಷೆಯಲ್ಲಿ ಇದನ್ನು ಇಂದಿಗೂ ನ್ದಾರ್ ಎಂದೇ ಕರೆಯುತ್ತಾರೆ.

ಸೋರ್‌ನಿಂದ ದ್ವೀಪಕ್ಕೆ ಹೋಗಲು ಸುಮಾರು 500 ಮೀಟರ್ ಉದ್ದದ ಕಬ್ಬಿಣದ ಸೇತುವೆಯಿದೆ. 1897ರಲ್ಲಿ ಸಂಚಾರಕ್ಕೆ ತೆರೆದ ಈ ಸೇತುವೆಯ ಒಂದು ಕಮಾನು, ಹಡಗುಗಳಿಗೆ ದಾರಿ ಬಿಡಲು ಬಾಗಿಲಿನಂತೆ ತಿರುಗುವ ಹಾಗೆ ಮಾಡಲಾಗಿದೆ. 2011ರಲ್ಲಿ ಇದರ ಕಮಾನುಗಳನ್ನು ಹಳೆಯ ರೂಪದಲ್ಲಿಯೇ ಹೊಸದಾಗಿ ಮಾಡಿ ಕೂಡಿಸಿದರು. ಪ್ಯಾರಿಸ್ಸಿನ ಗೋಪುರ ಕಟ್ಟಿದ ಐಫೆಲ್ ಮಹಾಶಯನೇ ಈ ಸೇತುವೆಯನ್ನೂ ಕಟ್ಟಿದನೆಂದು ನಮ್ಮ ಟಾಂಗಾದವನು ಅಭಿಮಾನದಿಂದ ಹೇಳಿದನು. ಅದು ನಿಜವಲ್ಲವೆಂದು ದಾಖಲೆಗಳು ತಿಳಿಸುತ್ತವೆ. ಆದರೂ ಅವನ ಅಭಿಮಾನಕ್ಕೆ ನಾವು ಅಡ್ಡಿ ಬರಲಿಲ್ಲ.

ಹೌದು, ಅಲ್ಲಿ ಟಾಂಗಾ ಇದೆ. ಒಂದು ಕಾಲಕ್ಕೆ ನಮ್ಮ ಹುಬ್ಬಳ್ಳಿ-ಧಾರವಾಡಗಳಲ್ಲಿ ಓಡಾಡುತ್ತಿದ್ದಂತೆಯೇ, ಒಂಟಿ ಕುದುರೆಯ ಗಾಡಿಗಳು ಪ್ರವಾಸಿಗರನ್ನು ದ್ವೀಪದ ಸುತ್ತ ಕರೆದೊಯ್ಯುತ್ತವೆ. ನೇರವಾದ ಬೀದಿಗಳು, ಕಾವಿ ಮತ್ತು ಹಳದಿ ಸುಣ್ಣ ಬಳಿದ ಎರಡಂತಸ್ತಿನ ಮನೆಗಳು, ಮರದ ಉಪ್ಪರಿಗೆ, ಕಬ್ಬಿಣದ ಕಟಾಂಜನ, ಒಳಗೆ ಅಂಗಳ. ಕೆಳಗಿನ ಅಂತಸ್ತಿನಲ್ಲಿ ಸರಕು, ಮೇಲೆ ಸಂಸಾರ. ಪಾಂಡಿಚೇರಿಯನ್ನು ಕಂಡವರಿಗೆ ಈ ಬೀದಿಗಳು ಪರಿಚಿತವೆನಿಸಿದರೆ ಆಶ್ಚರ್ಯವಿಲ್ಲ. ಎರಡೂ ಫ್ರೆಂಚರ ಊರುಗಳೇ. ಅವೆರಡಕ್ಕೂ ಇನ್ನೂ ಹತ್ತಿರದ ನಂಟೊಂದುಂಟು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ನದಿಯ ದಂಡೆಯಲ್ಲಿ ಜಾಲಿಯ ಜಾತಿಯ ಮರಗಳ ಗೋಂದನ್ನು ಕೊಳ್ಳುವ ದೊಡ್ಡ ವ್ಯಾಪಾರ ನಡೆಯುತ್ತಿತ್ತು. ಯುರೋಪಿನ ಬಟ್ಟೆ ಗಿರಣಿಗಳಿಗೆ ಆ ಗೋಂದು ಬೇಕು. ಮರುಭೂಮಿಯ ವರ್ತಕರು ಅದಕ್ಕೆ ಬದಲಾಗಿ ಕೇಳುತ್ತಿದ್ದುದು ಗಿನೇ ಎಂಬ ಕಡುನೀಲಿ ಬಟ್ಟೆಯನ್ನು. ಆ ಬಟ್ಟೆ ನೇಯ್ದು, ನೀಲಿಯಲ್ಲಿ ಅದ್ದಿ ತೆಗೆದದ್ದು ಪಾಂಡಿಚೇರಿಯ ಸುತ್ತಲಿನ ನೇಕಾರರು ಮತ್ತು ಬಣ್ಣಗಾರರು. ಹಣದ ಬದಲು ಆ ಬಟ್ಟೆಯೇ ಚಲಾವಣೆಯಾಗುತ್ತಿತ್ತು. ನಮ್ಮ ದಕ್ಷಿಣದ ಮಗ್ಗಗಳ ಮುಂದೆ ಕುಳಿತ ಆ ನೇಕಾರನಿಗೆ ತನ್ನ ಬಟ್ಟೆ ಎಲ್ಲಿಗೆ ಹೋಗುತ್ತದೆಂದು ತಿಳಿದಿತ್ತೋ ಇಲ್ಲವೋ!

ಇದೇ ಬಂದರಿನಿಂದ ಬಟ್ಟೆ, ಗೋಂದು ಮಾತ್ರವಲ್ಲ, ಮನುಷ್ಯರನ್ನೂ ಹಡಗಿಗೆ ಹೇರಿ ಸಾಗಿಸಿದರು. ಊರಿನಲ್ಲಿಯೇ ಉಳಿದ ಗುಲಾಮರೂ ಬಹಳವಿದ್ದರು. ಈ ಸುಂದರ ಮನೆಗಳಲ್ಲಿ ನೀರು ಹೊತ್ತವರು, ದೋಣಿ ನಡೆಸಿದವರು ಅವರೇ. 'ಸಿನ್ಯಾರ್' ಎಂದು ಕರೆಯುತ್ತಿದ್ದ ಶ್ರೀಮಂತ ವರ್ತಕ ಮಹಿಳೆಯರು ಕ್ರಿಸ್‌ಮಸ್ ರಾತ್ರಿ ಇಗರ್ಜಿಗೆ ಹೊರಟರೆ, ಮುಂದೆ ಸೇವಕರು ಕಾಗದದ ದೀಪಗಳನ್ನು ಹಿಡಿದು ನಡೆಯುತ್ತಿದ್ದರಂತೆ. ಆ ದೀಪಗಳೇ ಮುಂದೆ ಫನಾಲ್ ಎಂಬ ಡಿಸೆಂಬರ್ ತಿಂಗಳ ಮೆರವಣಿಗೆಯಾಗಿ ಬೆಳೆದವು. 1848ರಲ್ಲಿ ಫ್ರೆಂಚ್ ಸರಕಾರ ಗುಲಾಮಗಿರಿಯನ್ನು ರದ್ದುಮಾಡಿತು. ಅಂದು ಯಜಮಾನರ ದೀಪ ಹೊತ್ತವರ ಮೊಮ್ಮಕ್ಕಳು ನಂತರ ತಮ್ಮ ತಮ್ಮ ಕೇರಿಗಳ ಹೆಸರಿನಲ್ಲಿ ತಾವೇ ದೀಪಗಳನ್ನು ಕಟ್ಟಿ ಮೆರೆಸಿದರು.

ನ್ಯಾಯಸ್ಥಾನದಲ್ಲಿ ಒಂದು ಪ್ರಾರ್ಥನೆ

ದ್ವೀಪದ ನಡುವೆ ರಾಜ್ಯಪಾಲರ ಹಳೆಯ ಅರಮನೆಯಿದೆ. ಅದರೆದುರು ವಿಶಾಲವಾದ ಚೌಕ. ಈ ಚೌಕದಲ್ಲಿ 1887ರಿಂದ ಫೆದೆರ್ಬ್ ಎಂಬ ಫ್ರೆಂಚ್ ಆಡಳಿತಗಾರನ ಪ್ರತಿಮೆ ನಿಂತಿತ್ತು. 2017ರಲ್ಲಿ ಒಂದು ಮಳೆಗೆ ಅದು ತಾನಾಗಿಯೇ ಕೆಳಗುರುಳಿತು. ಮತ್ತೆ ನಿಲ್ಲಿಸಿದರೂ 2020ರಲ್ಲಿ ತೆಗೆದುಬಿಟ್ಟರು. ಚೌಕಕ್ಕೆ 'ಬಾಯಾ ನ್ದಾರ್' ಎಂದು ಊರ ಭಾಷೆಯ ಹೆಸರು ಬಂದಿತು. ಆದರೆ ಜನರು ಈ ಸ್ಥಳವನ್ನು ನೆನೆಯುವುದು ಬೇರೊಂದು ಘಟನೆಗಾಗಿ.

ಅಮದು ಬಾಂಬಾ ಎಂಬ ಮುಸಲ್ಮಾನ ಸಂತರು ಆಗ ಹಳ್ಳಿಗಾಡಿನಲ್ಲಿ ಜನಪ್ರಿಯರಾಗಿದ್ದರು. ಅವರಲ್ಲಿ ಸೈನ್ಯವಿರಲಿಲ್ಲ, ಶಿಷ್ಯರು ಮಾತ್ರ ಸಾವಿರಾರು. ಅದೇ ಆಳುವವರ ಭಯಕ್ಕೆ ಕಾರಣವಾಯಿತು. 1895ರ ಸೆಪ್ಟೆಂಬರ್ 5ರಂದು ಅವರನ್ನು ಈ ಅರಮನೆಯಲ್ಲಿ ಮಂಡಳಿಯ ಮುಂದೆ ವಿಚಾರಣೆಗೆ ನಿಲ್ಲಿಸಿದರು. ಸಂತರು ಆ ಅಧಿಕಾರಿಗಳ ಎದುರಿನಲ್ಲಿಯೇ ಎರಡಾವರ್ತಿ ನಮಾಜು ಮಾಡಿದರೆಂದೂ, ದೇವರ ಹೊರತು ಇನ್ನಾರಿಗೂ ತಲೆಬಾಗುವುದಿಲ್ಲವೆಂಬುದನ್ನು ಹೀಗೆ ತೋರಿದರೆಂದೂ ಶಿಷ್ಯರು ನಂಬುತ್ತಾರೆ. ಅವರನ್ನು ದೂರದ ಗಬೋನ್‌ಗೆ ಗಡೀಪಾರು ಮಾಡಲಾಯಿತು. ತಿರುಗಿ ಬಂದದ್ದು 1902ರಲ್ಲಿ. ದೈಹಿಕ ದುಡಿಮೆಯೂ ಆರಾಧನೆಯ ಭಾಗವೆಂದು ಅವರ ಪಂಥ ಬೋಧಿಸುತ್ತದೆ. ಕಾಯಕದ ಮಾತು ಕೇಳಿ ಬೆಳೆದ ನಮ್ಮ ವಾಚಕರಿಗೆ ಇದು ಹೊಸದೆನಿಸಲಾರದು. ಈಗ ಪ್ರತಿವರ್ಷ ಸೆಪ್ಟೆಂಬರ್ 5ರಂದು ನಾಡಿನ ನಾನಾ ಕಡೆಗಳಿಂದ ಭಕ್ತರು ಬಂದು ಇದೇ ಚೌಕದಲ್ಲಿ ಸಾಲುಸಾಲಾಗಿ ನಿಂತು ಆ ಎರಡಾವರ್ತಿ ಪ್ರಾರ್ಥನೆಯನ್ನು ಸಲ್ಲಿಸುತ್ತಾರೆ. ಪ್ರತಿಮೆ ಬಿದ್ದಿತು, ಪ್ರಾರ್ಥನೆ ಉಳಿಯಿತು.

1957ರವರೆಗೆ ಸೇಂಟ್ ಲೂಯಿಯೇ ಸೆನೆಗಾಲ್‌ನ ರಾಜಧಾನಿ. 1895ರಿಂದ 1902ರವರೆಗೆ ಇಡೀ ಫ್ರೆಂಚ್ ಪಶ್ಚಿಮ ಆಫ್ರಿಕಾದ ರಾಜಧಾನಿ. ಆಮೇಲೆ ಕಚೇರಿಗಳೆಲ್ಲ ಡಾಕಾರ್‌ಗೆ ಹೋದವು. ಊರು ಬಡವಾಯಿತು. ಬಡವಾದುದರಿಂದಲೇ ಹಳೆಯ ಮನೆಗಳನ್ನು ಕೆಡವಿ ಹೊಸದು ಕಟ್ಟುವವರೂ ಕಡಿಮೆಯಾದರು. 2000ದಲ್ಲಿ ಯುನೆಸ್ಕೋ ಈ ದ್ವೀಪವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಊಟದ ಚಿಂತೆ

ಸಸ್ಯಾಹಾರಿಗಳಾದ ನಮಗೆ ಈ ಊರಿನಲ್ಲಿ ಊಟದ ಚಿಂತೆ ಇದ್ದೇ ಇತ್ತು. ಮೀನು ಬೆರೆತ ಅನ್ನ ಇಲ್ಲಿನ ನಿತ್ಯದ ಊಟ. 'ಚೆಬುಜೆನ್' ಎಂಬ ಆ ಅಡುಗೆಗೆ 2021ರಲ್ಲಿ ಯುನೆಸ್ಕೋದ ಇನ್ನೊಂದು ಪಟ್ಟಿಯಲ್ಲಿ ಸ್ಥಾನ ಸಿಕ್ಕಿದೆ. ನಾವು ಇಳಿದುಕೊಂಡ ಮನೆಯ ಯಜಮಾನಿಗೆ ಮಗನು ನಮ್ಮ ನಿಯಮವನ್ನು ವಿವರಿಸಿದಾಗ ಆಕೆ ಕ್ಷಣಕಾಲ ಯೋಚಿಸಿ ನಕ್ಕರು. ಸಂಜೆ ನಮ್ಮ ಮುಂದೆ ಬಂದದ್ದು ಸಜ್ಜೆಯ ಗಂಜಿ ಮತ್ತು ಅದರ ಮೇಲೆ ಸುರಿದ ಗಟ್ಟಿ ಮೊಸರು! ಅದರ ಹೆಸರು ಲಾಖ್. ಮರುದಿನ ಬೆಳಿಗ್ಗೆ ಬೇಯಿಸಿ ಒಗ್ಗರಿಸಿದ ಅಲಸಂದೆ ಕಾಳು. ಕುಡಿಯಲು ಕೆಂಪು ಬಣ್ಣದ ಹುಳಿಸಿಹಿ ಪಾನಕ; ನಮ್ಮ ಪುಂಡಿಯ ಜಾತಿಯದೇ ಒಂದು ಗಿಡದ ಪುಷ್ಪಪತ್ರಗಳಿಂದ ಮಾಡಿದ್ದು.

ನಮ್ಮ ಶ್ರೀಮತಿಯವರು ಒಂದು ತುತ್ತು ಬಾಯಿಗಿಟ್ಟು, "ಇದು ನಮ್ಮ ಅವ್ವನ ಕೈಯಡುಗೆ ಇದ್ದ ಹಾಗೆ ಇದೆಯಲ್ಲಾ!" ಎಂದು ಉದ್ಗರಿಸಿದರು. ಇರದೆ ಏನು? ಸಜ್ಜೆ, ಜೋಳ, ರಾಗಿ, ಅಲಸಂದೆ ಇವೆಲ್ಲವೂ ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದಿಂದಲೇ ನಮ್ಮ ನಾಡಿಗೆ ಬಂದ ಧಾನ್ಯಗಳು. ಜೋಳದ ರೊಟ್ಟಿಯಿಲ್ಲದೆ ಊಟವಾಗದೆನ್ನುವ ನಾವು ಆ ಖಂಡದ ಋಣವನ್ನು ದಿನಕ್ಕೆರಡು ಬಾರಿ ಉಣ್ಣುತ್ತಿದ್ದೇವೆ. ಅತಿಥಿಯನ್ನು ಆದರಿಸುವ ಗುಣಕ್ಕೆ ಅಲ್ಲಿ 'ತೆರಂಗಾ' ಎನ್ನುತ್ತಾರೆ. ದೊಡ್ಡ ಬೋಗುಣಿಯ ಸುತ್ತ ಎಲ್ಲರೂ ಕುಳಿತು ಉಣ್ಣುವಾಗ ಮನೆಯಾಕೆ ಒಳ್ಳೆಯ ತುಣುಕುಗಳನ್ನು ಹೆಕ್ಕಿ ಅತಿಥಿಯ ಕಡೆಗೆ ಸರಿಸುತ್ತಾಳೆ. ನಮಗಾಗಿ ಬೇರೆಯ ಬೋಗುಣಿಯೇ ಇತ್ತು; ಆದರೂ ಆ ತಾಯಿ ತನ್ನ ಊಟ ಬಿಟ್ಟು ನಮ್ಮ ಪಕ್ಕದಲ್ಲಿ ಕುಳಿತು ಅಲಸಂದೆಯನ್ನು ನಮ್ಮತ್ತ ಸರಿಸುತ್ತಲೇ ಇದ್ದರು.

ಕತ್ತಲಾದ ಮೇಲೆ

ಈ ಊರಿನ ರಾತ್ರಿಗಳು ಹೆಸರಾದವು. 1990ರ ದಶಕದ ಆರಂಭದಿಂದ ಇಲ್ಲಿ ಬೇಸಿಗೆಯ ಹೊತ್ತಿಗೆ ಜಾಝ್ ಸಂಗೀತದ ಅಂತರರಾಷ್ಟ್ರೀಯ ಉತ್ಸವ ನಡೆಯುತ್ತಿದೆ. ನಾವು ಹೋದದ್ದು ಉತ್ಸವದ ಕಾಲವಲ್ಲ. ಮೊದಲ ರಾತ್ರಿ ಪ್ರವಾಸಿಗರಿಗೆಂದೇ ಇರುವ ಒಂದು ಸ್ಥಳಕ್ಕೆ ಮಗ ಕರೆದೊಯ್ದ. ಹೊಗೆ, ಮದ್ಯ, ಕಿವಿಗಡಚಿಕ್ಕುವ ಗದ್ದಲ. ಹತ್ತು ನಿಮಿಷಗಳಲ್ಲಿ ಎದ್ದು ಬಂದೆವು. "ಇಷ್ಟೇ ಏನಪ್ಪಾ ನಿಮ್ಮ ಊರಿನ ರಾತ್ರಿ?" ಎಂದು ತಾಯಿ ಕೇಳಿದಾಗ ಮಗನು ನಾಚಿಕೊಂಡು, "ಇಲ್ಲ ಅವ್ವಾ, ನಾಳೆ ಬೇರೆ ಕಡೆ ಹೋಗೋಣ" ಎಂದನು.

ಮರುದಿನ ನಿಜವಾದ ರಾತ್ರಿಯನ್ನು ಕಂಡೆವು. ಅದು ಇರುವುದು ಬೀದಿಗಳಲ್ಲಿ. ಸಂಜೆಯಾಗುತ್ತಲೇ ಮನೆಮನೆಯ ಮುಂದೆ ಸಣ್ಣ ಇದ್ದಿಲ ಒಲೆಗಳು ಹೊತ್ತಿಕೊಳ್ಳುತ್ತವೆ. ಹಸಿರು ಚಹದ ಎಲೆ, ಪುದೀನ, ಕೈತುಂಬ ಸಕ್ಕರೆ. ಎತ್ತರದಿಂದ ಲೋಟಕ್ಕೆ, ಲೋಟದಿಂದ ಲೋಟಕ್ಕೆ ಸುರಿದು ಸುರಿದು ನೊರೆ ಬರಿಸುತ್ತಾರೆ. ಒಂದೇ ಎಲೆಯಿಂದ ಮೂರು ಸುತ್ತು: ಮೊದಲನೆಯದು ಕಹಿ, ಎರಡನೆಯದು ಹದ, ಮೂರನೆಯದು ಸಿಹಿ. ಮೂರು ಮುಗಿಯಲು ಗಂಟೆಗಟ್ಟಲೆ ಬೇಕು. ಅಷ್ಟು ಹೊತ್ತು ಮಾತು. ಮೊದಲ ಲೋಟ ಕುಡಿದು ಎದ್ದುಹೋಗುವುದು ಮರ್ಯಾದೆಯಲ್ಲವೆಂದು ಮಗ ಮೊದಲೇ ತಿಳಿಸಿದ್ದ. ಅಲ್ಲಿದ್ದ ಹುಡುಗನೊಬ್ಬ ನಾವು ಭಾರತದವರೆಂದು ತಿಳಿದೊಡನೆ ಹಳೆಯ ಹಿಂದೀ ಚಿತ್ರಗೀತೆಯೊಂದನ್ನು, ಅರ್ಥ ತಿಳಿಯದಿದ್ದರೂ ರಾಗ ತಪ್ಪದೆ ಹಾಡಿದನು. ಹಿಂದೀ ಚಲನಚಿತ್ರಗಳಿಗೆ ಆ ದೇಶದಲ್ಲಿ ಬಹುಕಾಲದ ಅಭಿಮಾನಿಗಳಿದ್ದಾರೆ.

ಅದು ಗುರುವಾರದ ರಾತ್ರಿ. ಇನ್ನೊಂದು ಬೀದಿಯಲ್ಲಿ ಚಪ್ಪರ ಹಾಕಿ, ಚಾಪೆ ಹಾಸಿ ನಲವತ್ತು ಐವತ್ತು ಜನ ವರ್ತುಲವಾಗಿ ಕುಳಿತು ಅಮದು ಬಾಂಬಾ ಅವರ ಅರಬ್ಬೀ ಸ್ತೋತ್ರಗಳನ್ನು ಹಾಡುತ್ತಿದ್ದರು. ಒಬ್ಬರು ಎತ್ತಿಕೊಟ್ಟರೆ ಉಳಿದವರು ಹಿಂದಿನಿಂದ ಹಿಡಿಯುತ್ತಿದ್ದರು. ನಮಗೆ ಒಂದಕ್ಷರವೂ ತಿಳಿಯಲಿಲ್ಲ. ಆದರೂ ನಮ್ಮೂರ ಗುಡಿಯ ಶ್ರಾವಣದ ಭಜನೆ ನೆನಪಿಗೆ ಬಂದು ಕಾಲು ಮುಂದಕ್ಕೆ ಬಾರದಾಯಿತು. ಒಬ್ಬ ಹಿರಿಯರು ಸರಿದು ಕುಳಿತು ಚಾಪೆಯಲ್ಲಿ ಸ್ಥಳ ಕೊಟ್ಟರು. ನಮ್ಮ ಧರ್ಮ ಯಾವುದೆಂದು ಯಾರೂ ಕೇಳಲಿಲ್ಲ. ಸೆನೆಗಾಲ್‌ನ ಜನರಲ್ಲಿ ಬಹುಪಾಲು ಮುಸಲ್ಮಾನರು. ಆದರೆ ಸ್ವಾತಂತ್ರ್ಯ ಬಂದ 1960ರಿಂದ 1980ರವರೆಗೆ ಅವರನ್ನಾಳಿದ ಮೊದಲ ಅಧ್ಯಕ್ಷ ಸೆಂಗೋರ್ ಕ್ರೈಸ್ತರು, ಮೇಲಾಗಿ ಕವಿಗಳು.

ಮೂರನೆಯ ರಾತ್ರಿ ಸೋರ್‌ನ ಒಂದು ಕೇರಿಯಲ್ಲಿ ನಾಮಕರಣದ ಸಂಭ್ರಮ. ಬೀದಿಯ ನಡುವೆ ಕುರ್ಚಿಗಳ ವರ್ತುಲ. ಒಂದು ಬದಿಗೆ ಸಬಾರ್ ಎಂಬ ಉದ್ದನೆಯ ಮದ್ದಳೆಗಳ ಮೇಳ. ಒಂದು ಕೈಯಲ್ಲಿ ಕೋಲು, ಇನ್ನೊಂದು ಬರಿಗೈ; ಹೀಗೆ ನುಡಿಸುತ್ತಾರೆ. ಹೊಸ ಬಟ್ಟೆಯುಟ್ಟ ಹೆಂಗಸರು ಒಬ್ಬೊಬ್ಬರಾಗಿ ನಡುವೆ ಬಂದು ಕ್ಷಣಕಾಲ ಕುಣಿದು, ಮದ್ದಳೆಯವನನ್ನು ಕೆಣಕಿ, ನಗುತ್ತ ಹಿಂದಿರುಗುತ್ತಿದ್ದರು. ಅಜ್ಜಿಯರೂ ಕುಣಿದರು, ಎಂಟು ವರ್ಷದ ಹುಡುಗಿಯರೂ ಕುಣಿದರು. ಮದ್ಯದ ಸುಳಿವೂ ಇರಲಿಲ್ಲ. ನಮ್ಮ ಶ್ರೀಮತಿಯವರನ್ನೂ ಕೈಹಿಡಿದು ಎಳೆದರು. ಅವರು ಎರಡು ಹೆಜ್ಜೆ ಹಾಕಿದರೆಂಬುದನ್ನು ಇಲ್ಲಿ ಬರೆಯಲು ಅಪ್ಪಣೆ ಪಡೆದೇ ಬರೆಯುತ್ತಿದ್ದೇವೆ.

ಮರದ ಪೊಟರೆಯಲ್ಲಿ ಮಲಗಿದವರು

ಆ ರಾತ್ರಿ ಮದ್ದಳೆಯವರ ಕುಲದ ವಿಚಾರ ತಿಳಿದು ಮನಸ್ಸು ಭಾರವಾಯಿತು. ಹಾಡುವವರು, ಮದ್ದಳೆ ನುಡಿಸುವವರು ಅಲ್ಲಿ 'ಗೆವೆಲ್' ಎಂಬ ಪ್ರತ್ಯೇಕ ಕುಲ. ರಾಜರ ವಂಶಾವಳಿ, ಯುದ್ಧಗಳ ಕಥೆ, ಹಿರಿಯರ ಹೆಸರು ಇವೆಲ್ಲವನ್ನೂ ತಲೆಮಾರುಗಳಿಂದ ಬಾಯಲ್ಲಿ ಹೊತ್ತು ತಂದವರು ಇವರು. ಬರಹವಿಲ್ಲದ ಕಾಲದಲ್ಲಿ ಇವರೇ ನಾಡಿನ ಗ್ರಂಥಭಂಡಾರ. ಆದರೆ ಕುಲೀನರೆನಿಸಿದವರು ಇವರೊಡನೆ ಹೆಣ್ಣು-ಗಂಡು ಸಂಬಂಧ ಬೆಳೆಸುತ್ತಿರಲಿಲ್ಲ. ಇಂದಿಗೂ ಮದುವೆಯ ಮಾತು ಬಂದಾಗ ಕುಲ ವಿಚಾರಿಸುವವರುಂಟು. ಅಷ್ಟೇ ಅಲ್ಲ, ಸೆನೆಗಾಲ್‌ನ ಹಲವು ಭಾಗಗಳಲ್ಲಿ ಒಂದು ಕಾಲಕ್ಕೆ ಇವರು ಸತ್ತರೆ ಮಣ್ಣು ಕೊಡುತ್ತಿರಲಿಲ್ಲ. ಹೂಳಿದರೆ ಭೂಮಿ ಬಂಜೆಯಾದೀತು, ಮಳೆ ಹೋದೀತು ಎಂಬ ನಂಬಿಕೆ. ಅವರ ದೇಹವನ್ನು ಇಡುತ್ತಿದ್ದುದು ಬಾವೊಬಾಬ್ ಮರದ ಪೊಟರೆಯಲ್ಲಿ.

ದಾರಿಯುದ್ದಕ್ಕೂ ನಾವು ಸಂತೋಷದಿಂದ ಎಣಿಸುತ್ತ ಬಂದ ಅದೇ ಮರ! ಮನುಷ್ಯರು ಹಿಡಿಮಣ್ಣು ನಿರಾಕರಿಸಿದವರಿಗೆ ಆ ಮರ ಒಡಲಲ್ಲಿ ಎಡೆ ಕೊಟ್ಟಿತ್ತು. ಆ ಪದ್ಧತಿ ಸ್ವಾತಂತ್ರ್ಯಾನಂತರ ನಿಂತುಹೋಯಿತು. ಇಂದು ಸಬಾರ್ ಮದ್ದಳೆಯ ಗತ್ತೇ ಆ ದೇಶದ ಆಧುನಿಕ ಸಂಗೀತದ ಬೆನ್ನೆಲುಬು. ಜಗತ್ಪ್ರಸಿದ್ಧ ಗಾಯಕ ಯೂಸು ಎನ್‌ದೂರ್ ಅವರ ತಾಯಿಯ ಕಡೆಯವರು ಇಂಥ ಗಾಯಕ ಕುಲದವರೇ. 2012ರಲ್ಲಿ ಅವರು ದೇಶದ ಸಂಸ್ಕೃತಿ ಸಚಿವರಾದರು. ಕೊನೆಯ ರಾತ್ರಿ ಒಂದು ಊಟದ ಮನೆಯ ಅಂಗಳದಲ್ಲಿ ಇಪ್ಪತ್ತೊಂದು ತಂತಿಯ ಕೋರಾ ವಾದ್ಯವನ್ನು ಕೇಳಿದೆವು. ನಮ್ಮ ತಂಬೂರಿಯಂತೆ ಅದಕ್ಕೂ ದೊಡ್ಡ ಬುರುಡೆಯಿದೆ. ಅದರ ಮೇಲೆ ತೊಗಲು ಬಿಗಿದಿರುತ್ತಾರೆ. ಪಕ್ಕದಲ್ಲಿ ಒಬ್ಬ ಯುವಕ ಸ್ಯಾಕ್ಸೊಫೋನ್ ಹಿಡಿದು ಜಾಝ್ ನುಡಿಸಿದನು. ಜಾಝ್ ಕೂಡ ಇದೇ ಕಡಲ ದಾರಿಯಲ್ಲಿ ಗುಲಾಮರಾಗಿ ಹೋದವರ ಮಕ್ಕಳು ಅಮೆರಿಕೆಯಲ್ಲಿ ಕಟ್ಟಿದ ಸಂಗೀತವಲ್ಲವೇ? ಹಡಗಿನಲ್ಲಿ ಹೋದದ್ದು ಹಾಡಾಗಿ ಮನೆಗೆ ಮರಳಿದಂತೆ ನಮಗೆ ಭಾಸವಾಯಿತು.

ಕಡಲು ಬಾಗಿಲಿಗೆ ಬಂದಾಗ

ಹೊರಡುವ ದಿನ ಬೆಳಿಗ್ಗೆ ಗೆತ್ ನ್ದಾರ್‌ಗೆ ಹೋದೆವು. ಚಿಕ್ಕ ಸೇತುವೆ ದಾಟಿದರೆ ಮರಳಿನ ಪಟ್ಟಿ. ಒಂದು ಕಡೆ ನದಿ, ಇನ್ನೊಂದು ಕಡೆ ಸಾಗರ, ನಡುವಿನ ಕೂಗಳತೆಯ ದೂರದಲ್ಲಿ ಸಹಸ್ರಾರು ಬೆಸ್ತರ ಸಂಸಾರ. ಬಣ್ಣಬಣ್ಣದ ಉದ್ದನೆಯ ದೋಣಿಗಳ ಮೇಲೆ ಸಂತರ ಹೆಸರು. ಪಕ್ಕದ ರುದ್ರಭೂಮಿಯಲ್ಲಿ ಸಮಾಧಿಗಳ ಮೇಲೆ ಹಳೆಯ ಮೀನುಬಲೆ ಹೊದಿಸಿದ್ದಾರೆ.

2003ರ ಅಕ್ಟೋಬರ್‌ನಲ್ಲಿ ನದಿಗೆ ಪ್ರವಾಹ ಬಂದು ಊರು ಮುಳುಗುವ ಭಯವಾದಾಗ, ನೀರು ಬೇಗನೆ ಕಡಲಿಗೆ ಹೋಗಲೆಂದು ಮರಳಿನ ಪಟ್ಟಿಯನ್ನು ಕಡಿದು ಕೇವಲ 4 ಮೀಟರ್ ಅಗಲದ ಕಾಲುವೆ ತೋಡಿದರು. ಊರೇನೋ ಅಂದು ಉಳಿಯಿತು. ಆದರೆ ಕಡಲಿಗೆ ತೆರೆದ ಬಾಗಿಲನ್ನು ಮತ್ತೆ ಮುಚ್ಚಲಾಗಲಿಲ್ಲ. ಕಾಲುವೆ ಕೆಲವೇ ದಿನಗಳಲ್ಲಿ ನೂರಾರು ಮೀಟರ್, ಕೆಲವೇ ವರ್ಷಗಳಲ್ಲಿ ಕಿಲೋಮೀಟರಿಗೂ ಮೀರಿ ಅಗಲವಾಯಿತು. ದಕ್ಷಿಣದ ದೂನ್ ಬಾಬಾ ಜೇ ಎಂಬ ಹಳ್ಳಿ ಇಲ್ಲವಾಯಿತು. ಹೊಲಬಾವಿಗಳಿಗೆ ಉಪ್ಪು ಹೊಕ್ಕಿತು. ಮೇಲಾಗಿ ಸಮುದ್ರದ ಮಟ್ಟವೂ ಏರುತ್ತಿದೆ. 2017 ಮತ್ತು 2018ರ ಅಲೆಗಳು ಗೆತ್ ನ್ದಾರ್‌ನ ದಡದ ಮನೆಗಳ ಸಾಲನ್ನು ಒಡೆದವು. ಮನೆ ಕಳೆದುಕೊಂಡವರಿಗೆ ಸುಮಾರು 10 ಕಿಲೋಮೀಟರ್ ಒಳಗಿನ ಜುಗೋಪ್ ಎಂಬಲ್ಲಿ ನೆಲೆ ಕೊಟ್ಟಿದ್ದಾರೆ. ದಡದಲ್ಲಿ ಈಗ ಕಲ್ಲಿನ ತಡೆಗೋಡೆಯಿದೆ.

ಆ ಕಲ್ಲುಗಳ ಬಳಿ ಮೀನು ಒಣಗಿಸುತ್ತಿದ್ದ ಒಬ್ಬ ಅಜ್ಜಿಯನ್ನು ಕಂಡೆವು. ಕಡಲಿನಲ್ಲಿ ಎಲ್ಲೋ ಒಂದು ಕಡೆ ಕೈ ತೋರಿಸಿ, ಅಲ್ಲಿ ತನ್ನ ಅಡುಗೆಮನೆಯಿತ್ತು ಎಂದರು. ಈಗಿನ ಮನೆ ಜುಗೋಪ್‌ನಲ್ಲಿ. ಕೆಲಸ ಇಲ್ಲಿ; ದಿನಾಲು ಬೆಳಗಿನ ಗಾಡಿಗೆ ಬಂದು ಕತ್ತಲಾಗುವಾಗ ಹಿಂದಿರುಗುತ್ತಾರೆ. "ಅಲ್ಲಿ ಮನೆ ಚೆನ್ನಾಗಿಲ್ಲವೇ?" ಎಂದು ಕೇಳಿಸಿದೆವು. ಮನೆ ಚೆನ್ನಾಗಿದೆ, ಆದರೆ ರಾತ್ರಿ ಮೌನ, ಅಲೆಯ ಸದ್ದಿಲ್ಲದೆ ನಿದ್ದೆ ಬಾರದು ಎಂದರು. ಮನೆ ಒಡೆದ ಕಡಲನ್ನೇ ನಿದ್ದೆಗಾಗಿ ಹಂಬಲಿಸುವ ಆ ಜೀವಕ್ಕೆ ನಾವು ಏನೆಂದು ಸಮಾಧಾನ ಹೇಳುವುದು? ಅವರ ಮೊಮ್ಮಗನೊಬ್ಬ ದೋಣಿಯಲ್ಲಿ ಸ್ಪೇನ್ ದೇಶದ ದ್ವೀಪಗಳಿಗೆ ಹೊರಟುಹೋಗಿ ವರ್ಷವಾಗಿತ್ತು. ಸುದ್ದಿ ಬಂದಿತೇ ಎಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ದ್ವೀಪದ ಮನೆಗಳು, ಬೀದಿಗಳು, ಸೇತುವೆ. ಅವುಗಳನ್ನು ಕಾಯಬೇಕಾದುದು ಸರಿಯೇ. ಆದರೆ ಆ ಊರಿನ ಉಸಿರಿರುವುದು ಚಹದ ಒಲೆಯ ಸುತ್ತಣ ಮಾತಿನಲ್ಲಿ, ಚಾಪೆಯ ಮೇಲಿನ ಸ್ತೋತ್ರದಲ್ಲಿ, ಮಣ್ಣು ಸಿಗದವರು ಕೈಬಿಡದೆ ಉಳಿಸಿದ ಮದ್ದಳೆಯಲ್ಲಿ, ಈ ಅಜ್ಜಿಯ ದಿನನಿತ್ಯದ ಹತ್ತು ಕಿಲೋಮೀಟರಿನಲ್ಲಿ. ಜನರು ಚದುರಿದರೆ ಮನೆಗಳು ಉಳಿದೂ ಏನು ಫಲ? ನಮ್ಮ ಹಳ್ಳಿಗಳಲ್ಲಿಯೂ ವಾಡೆಗಳು ಬೀಗ ಹಾಕಿಕೊಂಡು ನಿಂತಿರುವುದನ್ನು ಕಂಡವರಿಗೆ ಈ ಪ್ರಶ್ನೆ ದೂರದ್ದಲ್ಲ.

ಅಲ್ಲಿ ಒಬ್ಬರನ್ನೊಬ್ಬರು ಕಂಡಾಗ, "ನಂಗ ದೇಫ್?" ಎಂದು ಕುಶಲ ಕೇಳುತ್ತಾರೆ. ಅದಕ್ಕೆ, "ಮಾಂಗಿ ಫಿ" ಎಂಬುದು ಉತ್ತರ. ನಾಲ್ಕು ದಿನಗಳಲ್ಲಿ ನಾವು ಕಲಿತ ವೊಲೊಫ್ ಇಷ್ಟೇ. ಹೊರಡುವಾಗ ಅಜ್ಜಿಗೆ ಕೈಮುಗಿದು ಆ ಪ್ರಶ್ನೆ ಕೇಳಿದೆವು. ನಮ್ಮ ಉಚ್ಚಾರಕ್ಕೆ ಅವರು ಬೊಚ್ಚುಬಾಯಿ ತೆರೆದು ನಕ್ಕು, "ಮಾಂಗಿ ಫಿ" ಎಂದರು. ಕಾರು ಹತ್ತಿದ ಮೇಲೆ ಆ ಮಾತಿನ ಅರ್ಥವೇನೆಂದು ಮಗನನ್ನು ಕೇಳಿದೆವು. ಚೆನ್ನಾಗಿದ್ದೇನೆ ಎಂದಿರಬೇಕೆಂದು ನಾವು ಎಣಿಸಿದ್ದೆವು.

"ಅಲ್ಲಪ್ಪಾ," ಎಂದನು ಮಗ. "'ನಾನು ಇಲ್ಲಿಯೇ ಇದ್ದೇನೆ' ಎಂದು ಅದರ ಅರ್ಥ."